ವರಾಂಡಾದ ಸ್ವಿಚ್ಚು, ನಾರಾಯಣಖೇಡದ ಕಟ್ಟು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಅರಸುವುದು ಸ್ವಿಚ್‌ಬೋರ್ಡನ್ನು. ಷೋಕೇಸಿನ ಗೊಂಬೆಗಳು, ಮದುವೆಯ ಫೋಟೋ, ಮಗಳು ಹೆಣೆದ ಮುತ್ತಿನ ಹಂಸ, ಇವೆಲ್ಲ ನಾವು ನೋಡಲೆಂದೇ ಆ ಮನೆಯವರು ಸಿಂಗರಿಸಿಟ್ಟ ವಸ್ತುಗಳು. ಸ್ವಿಚ್‌ಬೋರ್ಡನ್ನು ಯಾರೂ ಪ್ರದರ್ಶನಕ್ಕೆ ಇಡುವುದಿಲ್ಲವಾದ್ದರಿಂದ ಆ ಮನೆಯ ಪ್ರಾಮಾಣಿಕ ಚರಿತ್ರೆ ಅಲ್ಲಿ ಉಳಿದುಕೊಂಡಿರುತ್ತದೆ. ಬಿಸಿಲಲ್ಲಿ ಬಂದ ಅತಿಥಿ ಫ್ಯಾನು ಹಾಕಿಕೊಳ್ಳಲು ಕೈ ಚಾಚಿದ ಕ್ಷಣದಲ್ಲಿ ಮನೆಮಂದಿಯೆಲ್ಲ ಒಕ್ಕೊರಲಿನಿಂದ ‘ಅದಲ್ಲ, ಅದರ ಪಕ್ಕದ್ದು’ ಎಂದು ಎಚ್ಚರಿಸುವುದನ್ನು ನೀವೂ ಕೇಳಿರುತ್ತೀರಿ. ಪಕ್ಕದ್ದನ್ನು ಒತ್ತಿದರೆ ಹಿತ್ತಲಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಕೆಳಗಿನದನ್ನು ಒತ್ತಿದರೆ ಟಿ.ವಿ. ಧಾರಾವಾಹಿಯ ಅತ್ತೆ ವಿಷದ ಹಾಲಿಗೆ ಕೈ ಹಾಕುವ ಗಳಿಗೆಯಲ್ಲೇ ಪರದೆ ಕಪ್ಪಾಗುತ್ತದೆ. ಕಡೆಗೆ ಮನೆಯ ಸೊಸೆ ಎದ್ದು ಬಂದು, ಬಾಗಿಲ ಸಂದಿಯಲ್ಲಿ ಯಾರಿಗೂ ಕಾಣದಂತಿರುವ ಸ್ವಿಚ್ಚೊಂದನ್ನು ತಟ್ಟಿ ಫ್ಯಾನು ತಿರುಗಿಸುತ್ತಾಳೆ. ಅಷ್ಟರಲ್ಲಿ ಅತಿಥಿಯ ಬೆವರು ತಾನಾಗಿಯೇ ಆರಿರುತ್ತದೆ.

ಜಹೀರಾಬಾದಿನ ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಹೊರತಾಗಬೇಕಿತ್ತು, ಏಕೆಂದರೆ ನಮ್ಮ ಮನೆಯವರು ವಿದ್ಯುತ್ ಇಲಾಖೆಯ ನೌಕರರು. ಊರಿನ ಕಂಬಕಂಬದ ಜಾತಕ ಬಲ್ಲ ಈ ಮಹಾನುಭಾವರು ಸ್ವಂತ ಗೋಡೆಯೊಳಗಿನ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಕೇಳಿದರೆ ವೇದಾಂತಿಯಂತೆ ಮುಗುಳ್ನಗುತ್ತಾರೆ. ಮಾವನವರು ತಾಂಡೂರಿನ ಕಲ್ಲುಚಪ್ಪಡಿ ಹಾಸಿ ಕಟ್ಟಿಸಿದ್ದು ಎರಡೇ ಕೋಣೆ ಮತ್ತು ಕಾಳಿನ ಚೀಲ ಪೇರಿಸಲು ಒಂದು ಕಿಟಕಿಯಿಲ್ಲದ ಕೊಠಡಿ. ಆ ಕೊಠಡಿಯ ದೀಪದ ಸ್ವಿಚ್ಚನ್ನು ಹೊರಗಿನ ಕಟ್ಟೆಯ ಬಳಿ ಇಡಿಸಿದ್ದರು, ಚೀಲ ಹೊತ್ತು ಒಳಗೆ ಹೋಗುವವನು ಹೊರಗಿನಿಂದಲೇ ದೀಪ ಹಾಕಿಕೊಳ್ಳಲಿ ಎಂಬ ಸಹಾನುಭೂತಿಯಿಂದ. ಸಂಸಾರ ಬೆಳೆಯಿತು, ಕಾಳಿನ ಕೊಠಡಿ ಬಚ್ಚಲುಮನೆಯಾಯಿತು, ಹೊರಗಿನ ಕಟ್ಟೆಗೆ ತಗಡು ಹೊದಿಸಿದ ಮೇಲೆ ಅದಕ್ಕೆ ವರಾಂಡಾ ಎಂಬ ಪದವಿ ಪ್ರಾಪ್ತವಾಯಿತು. ಹೆಸರುಗಳು ಬದಲಾದವು, ತಂತಿ ಮಾತ್ರ ಇದ್ದಲ್ಲೇ ಇತ್ತು. ಹೀಗಾಗಿ ನಮ್ಮ ಮನೆಯಲ್ಲಿ ಸ್ನಾನಕ್ಕೆ ಹೋದವರ ಬೆಳಕು ವರಾಂಡಾದಲ್ಲಿ ಕುಳಿತವರ ಕೈಯಲ್ಲಿರುತ್ತಿತ್ತು.

ಈ ಸ್ವಿಚ್ಚಿನ ಪುರಾಣವನ್ನು ಇಷ್ಟು ಎಳೆಯುವುದಕ್ಕೆ ನನ್ನ ವೃತ್ತಿಯೂ ಕಾರಣ. ನಾನು ತಂತ್ರಾಂಶ ಬರೆದು ಹೊಟ್ಟೆ ಹೊರೆದವಳು. ‘ಸಾಫ್ಟ್‌ವೇರ್’ ಎಂದೊಡನೆ ನಿಮ್ಮ ಕಣ್ಣಿಗೆ ಗಾಜಿನ ಕಟ್ಟಡ ಕಟ್ಟಿದರೆ ದಯವಿಟ್ಟು ಅದನ್ನು ಕೆಡವಿಬಿಡಿ. ನನ್ನ ಕಚೇರಿ ಜಹೀರಾಬಾದಿನ ಬಸ್‌ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಟೇಲರ್ ಅಂಗಡಿಯ ಮೇಲಿನ ಒಂದು ಕೋಣೆಯಾಗಿತ್ತು. ಕೆಳಗೆ ಹೊಲಿಗೆಯಂತ್ರ ಓಡಿದರೆ ಮೇಲೆ ನನ್ನ ಕಂಪ್ಯೂಟರಿನ ಪರದೆ ಸಣ್ಣಗೆ ನಡುಗುತ್ತಿತ್ತು. ಹಳ್ಳಿಗಳಲ್ಲಿ ಬಾಲವಾಡಿ ನಡೆಸುತ್ತಿದ್ದ ಒಂದು ಟ್ರಸ್ಟು ಅದು. ಅರ್ಧಕ್ಕೆ ಓದು ಬಿಟ್ಟ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಪರೀಕ್ಷೆ ನಡೆಸಿ, ಪಾಸಾದವರನ್ನು ಅವರವರ ಊರಿನಲ್ಲೇ ಬಾಲವಾಡಿಯ ಟೀಚರಾಗಿ ನೇಮಿಸುತ್ತಿತ್ತು. ಪರೀಕ್ಷೆಗೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಎಂದು ಮೂರು ಕೇಂದ್ರಗಳು. ಯಾರು ಎಲ್ಲಿ ಬರೆಯುತ್ತಾರೆ, ಯಾವ ಕೇಂದ್ರಕ್ಕೆ ಯಾವ ಭಾಷೆಯ ಪ್ರಶ್ನೆಪತ್ರಿಕೆಯ ಕಟ್ಟು ಹೋಗಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶ ನನ್ನ ಪಾಲಿನದು.

ಕೆಲಸ ಶುರುವಾದಾಗ ನಾನು ಬಹಳ ಶಿಸ್ತಿನವಳಾಗಿದ್ದೆ. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಸ್ಕೆಚ್‌ಪೆನ್ನಿನಿಂದ ಇಡೀ ವ್ಯವಸ್ಥೆಯ ನಕ್ಷೆ ಬರೆದು ಗೋಡೆಗೆ ಅಂಟಿಸಿದ್ದೆ. ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ. ಅಭ್ಯರ್ಥಿಯಿಂದ ಊರಿಗೆ ಒಂದು ಬಾಣ, ಊರಿನಿಂದ ಭಾಷೆಗೆ ಇನ್ನೊಂದು ಬಾಣ. ಅಂದರೆ, ಅಭ್ಯರ್ಥಿ ಯಾವ ಊರಿನವಳೆಂದು ಗೊತ್ತಾದರೆ ಅಲ್ಲಿಗೆ ಯಾವ ಭಾಷೆಯ ಕಟ್ಟು ಹೋಗಬೇಕೆಂದು ತಂತ್ರಾಂಶಕ್ಕೆ ತಾನೇ ತಿಳಿಯುತ್ತಿತ್ತು. ಜಹೀರಾಬಾದಿಗೆ ಎಲ್ಲ ಭಾಷೆ. ತಾಂಡೂರಿಗೆ ತೆಲುಗು, ಕನ್ನಡ, ಉರ್ದು. ನಾರಾಯಣಖೇಡಕ್ಕೆ ತೆಲುಗು ಮತ್ತು ಮರಾಠಿ. ಈ ಎರಡನೆಯ ಬಾಣವಿದೆಯಲ್ಲ, ಅಂಥದ್ದನ್ನು ಎಳೆಯುವ ಧೈರ್ಯ ನಮ್ಮ ಸೀಮೆಯವರಿಗೆ ಮಾತ್ರ ಬರಲು ಸಾಧ್ಯ. ಬೇರೆ ಕಡೆ ಜನ ತಮ್ಮ ಭಾಷೆ ಇಂಥದೆಂದು ಎದೆ ಮುಟ್ಟಿ ಹೇಳುತ್ತಾರೆ. ನಮ್ಮಲ್ಲಿ ಸಂತೆಯಲ್ಲಿ ತೆಲುಗು, ದರ್ಜಿಯ ಮುಂದೆ ದಖನಿ ಉರ್ದು, ಬೀಗರ ಮುಂದೆ ಮರಾಠಿ, ಜಗಳಕ್ಕೂ ಜೋಗುಳಕ್ಕೂ ಕನ್ನಡ. ‘ನಿಮಗ ಯಾವ ಭಾಷಾ ಬರ್ತದರಿ?’ ಎಂದು ಮೊದಲ ವರ್ಷ ಊರೂರಲ್ಲಿ ಕೇಳಿದಾಗ ಬಂದ ಉತ್ತರ ಒಂದೇ: ‘ಎಲ್ಲಾ ಬರ್ತಾವರಿ.’ ಎಲ್ಲ ಬರುವವರಿಗೆ ಯಾವುದು ಕೊಟ್ಟರೇನು ಎಂದು ನಾವು ಭಾಷೆಯನ್ನು ಮನುಷ್ಯರಿಗೆ ಅಂಟಿಸದೆ ಊರಿಗೆ ಅಂಟಿಸಿ ನಿಶ್ಚಿಂತರಾದೆವು.

ನನ್ನ ನಕ್ಷೆಯ ಆಯುಷ್ಯ ಕಡಿಮೆಯಿತ್ತು. ಅಲ್ಲಿ ಮೊಳೆ ಇದ್ದುದರಿಂದ ಯಾರೋ ಅದರ ಮೇಲೆ ಕ್ಯಾಲೆಂಡರು ತೂಗುಹಾಕಿದರು. ಕ್ಯಾಲೆಂಡರಿನ ಅಗತ್ಯ ಆಗ ಬಹಳವಿತ್ತು, ಏಕೆಂದರೆ ಅವು ಪ್ರತ್ಯೇಕ ತೆಲಂಗಾಣದ ಹೋರಾಟದ ವರ್ಷಗಳು. ಇವತ್ತು ಬಂದ್, ನಾಳೆ ರಸ್ತೆ ತಡೆ, ನಾಡಿದ್ದು ಬಸ್ಸಿಲ್ಲ. ನಮ್ಮ ಪರೀಕ್ಷೆಯ ದಿನಾಂಕ ಕ್ಯಾಲೆಂಡರಿನಲ್ಲಿ ಮನೆಯಿಂದ ಮನೆಗೆ ಅಲೆಯುವ ಬಾಡಿಗೆದಾರನಾಗಿತ್ತು. ಕೆಂಪು ಗುರುತು ಹಾಕಲು ದಿನಕ್ಕೊಮ್ಮೆ ಕ್ಯಾಲೆಂಡರು ಮುಟ್ಟುತ್ತಿದ್ದೆವೇ ಹೊರತು ಅದನ್ನೆತ್ತಿ ಹಿಂದಿನ ನಕ್ಷೆಯನ್ನು ನೋಡಿದವರಿಲ್ಲ.

ಟ್ರಸ್ಟಿನ ಕಾರ್ಯದರ್ಶಿ ಶರಣಪ್ಪ ಸರ್ ನಿವೃತ್ತ ಹೆಡ್‌ಮಾಸ್ತರರು, ಸಜ್ಜನರು, ಆದರೆ ಫೋನು ಕೈಗೆ ಬಂದರೆ ಸೃಷ್ಟಿಕರ್ತರು. ಅವರ ಬೇಡಿಕೆಗಳೆಲ್ಲ ಒಂದೇ ಪೀಠಿಕೆಯಿಂದ ಆರಂಭವಾಗುತ್ತಿದ್ದವು: ‘ಬಾಯಿಯವ್ರೇ, ಜರಾ ಒಂದ್ ಸಣ್ಣ ಬದಲ್ ಮಾಡಬೇಕಲ್ರಿ.’ ತಂತ್ರಾಂಶದ ವೃತ್ತಿಯಲ್ಲಿ ಈ ‘ಸಣ್ಣ’ ಎಂಬ ವಿಶೇಷಣದಷ್ಟು ಭಯಾನಕವಾದದ್ದು ಇನ್ನೊಂದಿಲ್ಲ. ದೊಡ್ಡ ಬದಲಾವಣೆ ಬಂದರೆ ನಾವು ಹೆದರಿ ಬುಡದಿಂದ ಯೋಚಿಸುತ್ತೇವೆ; ಸಣ್ಣದು ಬಂದರೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಸಿಕ್ಕಿಸಿ ಚಹಾ ಕುಡಿಯಲು ಇಳಿಯುತ್ತೇವೆ. ಜನ ಕೇಳುವುದು ಮತ್ತು ನಾವು ಕಟ್ಟಿರುವುದು, ಇವೆರಡೂ ಜೊತೆಯಾಗಿ ಹೆಜ್ಜೆ ಹಾಕಬೇಕೆಂದು ನಮ್ಮ ಶಾಸ್ತ್ರದ ಪಾಠಗಳಲ್ಲಿ ಗಂಭೀರವಾಗಿ ಬೋಧಿಸುತ್ತಾರೆ. ಆ ಪಾಠ ಬರೆದವರಿಗೆ ಶರಣಪ್ಪ ಸರ್ ಫೋನು ಮಾಡಿರಲಿಕ್ಕಿಲ್ಲ.

ಆ ವರ್ಷದ ಸಣ್ಣ ಬದಲಿಗೆ ಮೂಲ ಕಾರಣ ತವರುಮನೆ. ಚೊಚ್ಚಲು ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು, ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಅತ್ತೆಮನೆಗೆ ಮರಳುವುದು ನಮ್ಮ ಕಡೆಯ ಪದ್ಧತಿ. ನಮ್ಮ ಅಭ್ಯರ್ಥಿಗಳೆಲ್ಲ ಎಳೆ ವಯಸ್ಸಿನ ಸೊಸೆಯರು. ಪರೀಕ್ಷೆ ಮೊದಲು ಗೊತ್ತಾದ ದಿನಾಂಕಕ್ಕೇ ನಡೆದಿದ್ದರೆ ಎಲ್ಲರೂ ಅರ್ಜಿ ಹಾಕಿದ ಊರಲ್ಲೇ ಇರುತ್ತಿದ್ದರು. ಪರೀಕ್ಷೆ ಮುಂದಕ್ಕೆ ಹೋದಂತೆಲ್ಲ ತವರಿನಲ್ಲಿದ್ದವರು ಅತ್ತೆಮನೆ ಸೇರಿದರು, ಅತ್ತೆಮನೆಯಲ್ಲಿದ್ದವರು ತವರು ಸೇರಿದರು. ‘ಯಾರಿಗೆ ಯಾವ ಕೇಂದ್ರ ಹತ್ರ ಆಗ್ತದೋ ಅಲ್ಲೇ ಬರೀಲಿ ಬಿಡ್ರಿ, ಬಾಣಂತೇರು ಎಷ್ಟು ತಿರಗ್ಯಾರು ಪಾಪ,’ ಎಂದರು ಶರಣಪ್ಪ ಸರ್. ನ್ಯಾಯವಾದ ಮಾತು. ಕೇಂದ್ರ ಬದಲಿಸುವ ಸೌಕರ್ಯ ಮಾಡಿಕೊಟ್ಟೆ. ಮಾರನೆಯ ವಾರ ಮತ್ತೊಂದು: ಹಾಲ್ ಟಿಕೆಟ್ಟಿನ ಮೇಲೆ ಪರೀಕ್ಷೆಯ ಭಾಷೆಯನ್ನೂ ಅಚ್ಚು ಮಾಡಿದರೆ ಹುಡುಗಿಯರಿಗೆ ಧೈರ್ಯ ಬರುತ್ತದೆ. ಅದೂ ನ್ಯಾಯವೇ. ಅರ್ಜಿಯಲ್ಲಿ ‘ಓದಿದ ಭಾಷೆ’ ಎಂಬಲ್ಲಿ ಅವರು ಬರೆದದ್ದನ್ನು ಎತ್ತಿ ಹಾಲ್ ಟಿಕೆಟ್ಟಿನ ಮೂಲೆಯಲ್ಲಿ ಕೂರಿಸಿದೆ. ಟಿಕೆಟ್ಟು ಮುದ್ದಾಗಿ ಬಂತು.

ಹೀಗೆ ಊರು ಬದಲಿಸಿದವರಲ್ಲಿ ಸುಜಾತಾ ಒಬ್ಬಳು. ತಾಂಡೂರಿನ ಕಡೆ ಪೆದ್ದೆಮುಲ್ ಹತ್ತಿರದ ಹಳ್ಳಿ ಅವಳ ತವರು. ಹೊಲದ ಕೂಲಿಯಿಂದ ಬದುಕುವ ಬೌದ್ಧ ಮನೆತನ, ಗೋಡೆಯ ಮೇಲೆ ಬುದ್ಧನ ಪಟ, ಮೂಲೆಯಲ್ಲಿ ಕಳೆ ಕೀಳುವ ಕುರ್ಪಿ. ಗಡಿಯಾಚೆ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದ್ದಳು. ಕೊಟ್ಟದ್ದು ನಾರಾಯಣಖೇಡದ ಕಡೆಯ ಕಂಗ್ಟಿ ಬಳಿಯ ಊರಿಗೆ. ತರಬೇತಿಗೆ ಜಹೀರಾಬಾದಿಗೆ ಬಂದಾಗ ತುಂಬು ಬಸುರಿ; ಹಾಸ್ಟೆಲಿನ ಮೆಟ್ಟಿಲು ಹತ್ತಲಾರಳೆಂದು ನಮ್ಮತ್ತೆ ಅವಳನ್ನು ಮನೆಯಲ್ಲೇ ಇರಿಸಿಕೊಂಡರು. ನನ್ನ ಹತ್ತು ವರ್ಷದ ಸೊಸೆತನದಲ್ಲಿ ಗಳಿಸಲಾಗದ ವಾತ್ಸಲ್ಯವನ್ನು ಆ ಹುಡುಗಿ ಒಂದು ತರಬೇತಿಯ ಅವಧಿಯಲ್ಲಿ ಗಳಿಸಿದಳೆಂಬುದನ್ನು ಇಲ್ಲಿ ಯಾವ ಅಸೂಯೆಯೂ ಇಲ್ಲದೆ, ಅಂದರೆ ಸ್ವಲ್ಪವೇ ಅಸೂಯೆಯಿಂದ, ದಾಖಲಿಸುತ್ತೇನೆ. ಅವಳ ಅತ್ತೆಮನೆಯ ಊರಲ್ಲಿ ಆ ವರ್ಷ ಬಾಲವಾಡಿ ತೆರೆಯುವುದಿತ್ತು. ಅಲ್ಲಿಯ ಮಕ್ಕಳು ಮಾತಾಡುವುದು ಕನ್ನಡ. ಈ ಸಲ ಪಾಸಾದರೆ ಆ ಜಾಗ ಅವಳದು. ಇಲ್ಲವಾದರೆ ಬೇರೊಬ್ಬಳದು, ಮತ್ತು ಸುಜಾತಾಳಿಗೆ ಕೂಸನ್ನು ಬದುವಿನ ಮೇಲೆ ಮಲಗಿಸಿ ಕಳೆ ಕೀಳುವುದು.

ಪರೀಕ್ಷೆಗೆ ಎರಡು ದಿನವಿದ್ದಾಗ ಅವಳ ಫೋನು ಬಂತು. ಹಿನ್ನೆಲೆಯಲ್ಲಿ ಕೂಸು ಅಳುತ್ತಿತ್ತು.

‘ಅಕ್ಕಾ, ನನ್ ಪೇಪರ್ ಕನ್ನಡದಾಗೇ ಬರ್ತದಲ್ಲರಿ? ತೆಲುಗು ನಾಲಿಗಿಗಿ ಬರ್ತದ್ರಿ, ಕೈಗಿ ಬರಲ್ಲ. ಇಲ್ಲಿ ಕೇಂದ್ರದಾಗ ಕೇಳಿದ್ರ ಕನ್ನಡದವ್ರು ಯಾರೂ ಬರಲ್ಲ ಅಂತಾರ.’

‘ಹಾಲ್ ಟಿಕೆಟ್ ಮ್ಯಾಲ ಏನ್ ಬರ್ದದ, ಓದು.’

‘ನಾರಾಯಣಖೇಡ, ಕನ್ನಡ ಅಂತ ಅದರಿ.’

‘ಮತ್ತ? ಕಂಪ್ಯೂಟರ್ ಸುಳ್ ಹೇಳ್ತದೇನು? ಕೂಸಿಗಿ ಹಾಲ್ ಕುಡ್ಸು, ಓದ್ಕೋತ ಕೂಡು,’ ಎಂದು ಸರ್ವಜ್ಞಳ ಗತ್ತಿನಲ್ಲಿ ಹೇಳಿ ಫೋನಿಟ್ಟೆ. ಹೊರಗಿನ ಎರಡೂ ಕೇಂದ್ರಗಳ ಕಟ್ಟುಗಳು ಆಗಲೇ ಜೀಪಿನಲ್ಲಿ ಹೊರಟುಹೋಗಿದ್ದವು, ಮರುದಿನ ಬಂದ್ ಕರೆ ಇದ್ದುದರಿಂದ.

ಮರುದಿನ, ಅಂದರೆ ಪರೀಕ್ಷೆಯ ಮುನ್ನಾದಿನ, ಬೆಳಿಗ್ಗೆ ಊರಿಗೆ ಊರೇ ಬಾಗಿಲೆಳೆದುಕೊಂಡಿತ್ತು. ಬಂದ್ ದಿನದ ಬಿಡುವು ಗೃಹಕೃತ್ಯದ ಸುಧಾರಣೆಗೆ ಪ್ರಶಸ್ತವೆಂದು ನಾನು ನಮ್ಮ ಸ್ವಿಚ್‌ಬೋರ್ಡಿನ ಪುನರುದ್ಧಾರಕ್ಕೆ ಕೈ ಹಚ್ಚಿದೆ. ಮಗನ ಶಾಲೆಯ ಪುಸ್ತಕಗಳಿಗೆ ಅಂಟಿಸಿ ಉಳಿದಿದ್ದ ಲೇಬಲ್ಲುಗಳ ಮೇಲೆ ‘ಫ್ಯಾನು’, ‘ವರಾಂಡಾ’, ‘ನಡುಮನೆ’ ಎಂದು ದುಂಡಗೆ ಬರೆದು, ಯಾವ ಸ್ವಿಚ್ಚಿನ ಪಕ್ಕ ಯಾವ ಹೆಸರಿದ್ದರೆ ಶೋಭಿಸುತ್ತದೋ ಅಲ್ಲಿಗೆ ಅದನ್ನು ಅಂಟಿಸಿದೆ. ವರಾಂಡಾದ ಬೋರ್ಡಿನ ಮೊದಲ ಸ್ವಿಚ್ಚಿಗೆ ‘ವರಾಂಡಾ’ ಎಂದಲ್ಲದೆ ಬೇರೆ ಹೆಸರು ಒಪ್ಪುತ್ತದೆಯೇ? ಮೋಡ ಕವಿದು ಮಬ್ಬಾಗಿತ್ತು. ಪೇಪರು ಓದಲು ಕುಳಿತ ನಮ್ಮ ಮನೆಯವರು ಹೊಸ ಲೇಬಲ್ಲನ್ನು ಮೆಚ್ಚುಗೆಯಿಂದ ಓದಿ, ಇಲಾಖೆಯ ಸಕಲ ಅಧಿಕಾರದಿಂದ ಆ ಸ್ವಿಚ್ಚನ್ನು ಒತ್ತಿದರು. ವರಾಂಡಾ ಮಬ್ಬಾಗಿಯೇ ಉಳಿಯಿತು. ಬಚ್ಚಲುಮನೆಯಿಂದ ತಂಬಿಗೆ ಉರುಳಿದ ಸದ್ದು ಕೇಳಿತು. ಹಿಂದೆಯೇ ನಮ್ಮತ್ತೆಯ ಕಂಠ:

‘ಯಾವನಲೇ ಅವ ಲೈಟ್ ತೆಗ್ದಾವ? ಮೈಗೆಲ್ಲಾ ಸಾಬೂನ್ ಹಚ್ಚೀನಿ, ತಂಬಿಗಿ ಎಲ್ಲಿ ಹೋಗ್ಯಾದೋ ತಿಳೀವಲ್ದು! ಕರೆಂಟ್ ಆಫೀಸ್ನ್ಯಾಗ ನೌಕ್ರಿ ಅಂತ, ಅವ್ವನ ಬಚ್ಚಲ್ಕ ಕರೆಂಟಿಲ್ಲ!’

‘ಅವ್ವಾ, ಇಲ್ಲಿ ವರಾಂಡಾ ಅಂತ ಬರ್ದದ,’ ಎಂದರು ಇವರು ದೀನರಾಗಿ.

‘ಬರದ್ರ ಆತೇನೋ? ತಂತಿಗಿ ಓದಾಕ ಬರ್ತದೇನು?’

ನಗುತ್ತ ಬಾಗಿಲಲ್ಲಿ ನಿಂತಿದ್ದ ನಾನು ಅಲ್ಲಿಯೇ ನಿಂತುಬಿಟ್ಟೆ. ಓದುಗ ಮಹಾಶಯರೇ, ನಗು ಅರ್ಧದಲ್ಲಿ ನಿಂತರೆ ಮುಖ ಎಂಥ ವಿಕಾರವಾಗುತ್ತದೆಂದು ನಮ್ಮ ಮನೆಯವರು ಈಗಲೂ ಅಭಿನಯಿಸಿ ತೋರಿಸುತ್ತಾರೆ. ಹಾಲ್ ಟಿಕೆಟ್ಟಿನ ಮೂಲೆಯಲ್ಲಿ ನಾನು ಕೂರಿಸಿದ ‘ಕನ್ನಡ’ವೂ ಒಂದು ಲೇಬಲ್ಲು. ಅದು ಅರ್ಜಿಯಿಂದ ನೇರವಾಗಿ ಬಂದದ್ದು. ಆದರೆ ಯಾವ ಕೇಂದ್ರಕ್ಕೆ ಯಾವ ಕಟ್ಟು ಎಂದು ತಂತ್ರಾಂಶ ಎಣಿಸುವುದು ಆ ಮೂಲೆಯನ್ನು ನೋಡಿ ಅಲ್ಲ. ಕ್ಯಾಲೆಂಡರಿನ ಹಿಂದೆ ಮರೆಯಾದ ನಕ್ಷೆಯ ಹಳೆಯ ಬಾಣವನ್ನು ಹಿಡಿದು, ಊರಿನಿಂದ ಭಾಷೆಗೆ. ನಾರಾಯಣಖೇಡಕ್ಕೆ ತೆಲುಗು ಮತ್ತು ಮರಾಠಿ. ಸುಜಾತಾಳನ್ನು ನಾರಾಯಣಖೇಡಕ್ಕೆ ಕಳಿಸಿದ್ದೆವು, ಅವಳ ಪ್ರಶ್ನೆಪತ್ರಿಕೆಯನ್ನು ಕಳಿಸಿರಲಿಲ್ಲ. ಅವಳೊಬ್ಬಳೇ ಅಲ್ಲ, ತಾಂಡೂರಿನ ಕಡೆಯ ತವರಿನಿಂದ ನಾರಾಯಣಖೇಡದ ಕಡೆಯ ಅತ್ತೆಮನೆಗೆ ಮರಳಿದ ಅಷ್ಟೂ ಕನ್ನಡದ ಹುಡುಗಿಯರು ಮರುದಿನ ಬೆಳಿಗ್ಗೆ ಹಾಲ್ ಟಿಕೆಟ್ಟು ಹಿಡಿದು ಕುಳಿತು, ನಾಲಿಗೆಗೆ ಬಂದು ಕೈಗೆ ಬಾರದ ಭಾಷೆಯ ಕಾಗದವನ್ನು ನೋಡುತ್ತ ಮೂರು ತಾಸು ಕಳೆಯಬೇಕು.

ಶರಣಪ್ಪ ಸರ್‌ಗೆ ಫೋನು ಮಾಡಿದೆ. ಹಳೆಯ ಹೆಡ್‌ಮಾಸ್ತರರ ದನಿ ಬಂತು: ಜಹೀರಾಬಾದ್ ಕೇಂದ್ರಕ್ಕೆಂದು ಇಟ್ಟುಕೊಂಡ ಕನ್ನಡದ ಹೆಚ್ಚುವರಿ ಪ್ರತಿಗಳು ಸೀಲು ಮಾಡಿದ ಲಕೋಟೆಯಲ್ಲಿ ತಮ್ಮ ಮನೆಯ ಬೀರುವಿನಲ್ಲೇ ಇವೆ, ಒಯ್ಯುವವರಿದ್ದರೆ ಈಗಲೇ ಕೊಡುತ್ತೇನೆ ಎಂದು. ಒಯ್ಯುವುದು ಹೇಗೆ? ಬಸ್ಸಿಲ್ಲ, ಜೀಪಿನವನು ಬರಲೊಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದರೆ ಹತ್ತು ಗಂಟೆಗೆ ಮುಟ್ಟುವ ಭರವಸೆಯಿಲ್ಲ. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ತಮ್ಮ ಮೋಟರ್‌ಸೈಕಲ್ಲಿನ ಮುಖ ನೋಡಿದರು. ಅದರ ಮುಂದುಗಡೆ ಇಲಾಖೆಯ ಹೆಸರು ಬರೆಸಿತ್ತು. ಹಾಲು, ಆಸ್ಪತ್ರೆ, ಕರೆಂಟುಗಳನ್ನು ಬಂದ್‌ನಲ್ಲಿ ತಡೆಯುವುದಿಲ್ಲವೆಂಬುದು ಅವರ ಸಿದ್ಧಾಂತ. ಅವರು ಇನ್ನೂ ಹಿಂದೆಮುಂದೆ ನೋಡುತ್ತಿದ್ದಾಗ ಒದ್ದೆ ತಲೆಗೆ ಪಂಚೆ ಸುತ್ತಿಕೊಂಡು ಹೊರಬಂದ ಅತ್ತೆ, ‘ಆ ಪೋರಿ ಪರೀಕ್ಷಾ ಅದ ಅಂದಮ್ಯಾಲ ಇನ್ನೇನ್ ನೋಡ್ತಿ? ಗಾಡಿ ತೆಗಿ,’ ಎಂದರು. ಗಾಡಿ ಹೊರಟಿತು.

ರಾಯಿಕೋಡ್ ದಾರಿಯಲ್ಲಿ ಸಿದ್ಧಾಂತ ಕುಸಿಯಿತು. ರಸ್ತೆಯ ನಟ್ಟನಡುವೆ ಕಲ್ಲಿನ ಒಲೆ ಹೂಡಿ, ದೊಡ್ಡ ಹಂಡೆಗಳಲ್ಲಿ ಅನ್ನವೂ ಬೇಳೆಯೂ ಕುದಿಯುತ್ತಿದ್ದವು. ರಸ್ತೆಯ ಮೇಲೆಯೇ ಅಡುಗೆ ಮಾಡಿ ರಸ್ತೆಯ ಮೇಲೆಯೇ ಉಂಡು ಸಂಚಾರ ನಿಲ್ಲಿಸುವುದು ಆ ಹೋರಾಟದ ಒಂದು ಕ್ರಮ. ಹೆಂಗಸರು ಒಂದು ಕಡೆ ಹಾಡುತ್ತಿದ್ದರು. ಹೆಗಲ ಮೇಲೆ ಹೋರಾಟದ ಗುಲಾಬಿ ಶಲ್ಯ ಹೊದ್ದ ಹಿರಿಯರೊಬ್ಬರು ಕೈ ಅಡ್ಡ ಮಾಡಿದರು.

‘ಎಲ್ಲಿಗಿ ಹೊಂಟೀರಿ? ಬಂದ್ ಅದ ಗೊತ್ತಿಲ್ಲೇನ್ರಿ?’

‘ಕರೆಂಟ್ ಆಫೀಸ್ನವರಿದ್ದೀವ್ರಿ,’ ಎಂದರು ಇವರು.

‘ಮುಂಜಾನಿಂದ ಊರಾಗ ಕರೆಂಟೇ ಇಲ್ಲ, ಕರೆಂಟ್ ಆಫೀಸ್ ಎಲ್ಲಿಂದ ಬಂತರಿ?’

ಸುತ್ತ ನಿಂತವರು ನಕ್ಕರು. ಇಲಾಖೆಯ ಗೌರವ ಅಲ್ಲಿಗೆ ಮುಗಿಯಿತೆಂದು ನಾನು ಇಳಿದು, ಎದೆಗವಚಿಕೊಂಡಿದ್ದ ಲಕೋಟೆಯನ್ನು ತೋರಿಸಿ ಇದ್ದುದನ್ನು ಇದ್ದಂತೆ ಹೇಳಿದೆ. ಬಾಲವಾಡಿ ಎಂದೆ, ಬಾಣಂತಿಯರು ಎಂದೆ, ಬೆಳಿಗ್ಗೆ ಪರೀಕ್ಷೆ ಎಂದೆ; ಯಾವ ಭಾಷೆಯಲ್ಲಿ ಶುರು ಮಾಡಿ ಯಾವುದರಲ್ಲಿ ಮುಗಿಸಿದೆನೋ ನೆನಪಿಲ್ಲ. ಹಿರಿಯರ ಮುಖ ಬದಲಾಯಿತು. ‘ಪರೀಕ್ಷಾ ಅಂತ ಮೊದಲೇ ಹೇಳೋದಲ್ಲೇನವ್ವಾ? ಮಕ್ಕಳು ಓದ್ಲಿ ಅಂತೇ ನಾವೂ ರೋಡಿಗಿ ಕುಂತೀವಿ. ಹೋಗ್ರಿ, ಹೋಗ್ರಿ. ಆದ್ರ ಉಣ್ಣದೇ ಹೋಗಂಗಿಲ್ಲ.’ ಬೇಡವೆಂದರೆ ಕೇಳುವವರಾರು? ಎಲೆಯ ಮೇಲೆ ಬಿಸಿ ಅನ್ನ, ಅದರ ಮೇಲೆ ಹುಣಸೆ ಹಿಂಡಿದ ತೊಗರಿಬೇಳೆ ಬಿತ್ತು. ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಟಾರು ರಸ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಆತಂಕದಲ್ಲಿಯೂ ಎರಡನೆಯ ಸಲ ಬಡಿಸಿಕೊಂಡೆ. ಅಂಥ ಬೇಳೆಯನ್ನು ಮತ್ತೆಲ್ಲೂ ಉಂಡಿಲ್ಲ. ಎದ್ದು ಬರುವಷ್ಟರಲ್ಲಿ ಹುಡುಗರು ನಮ್ಮ ಗಾಡಿಯ ನಂಬರ್ ಪ್ಲೇಟಿನಲ್ಲಿ ‘ಎಪಿ’ಯನ್ನು ಅಳಿಸಿ ‘ಟಿಜಿ’ ಎಂದು ಬಣ್ಣ ಬಳಿದಿದ್ದರು. ಆಗ ಎಲ್ಲ ಕಡೆ ಹೀಗೆಯೇ. ರಾಜ್ಯ ಇನ್ನೂ ಬಂದಿರಲಿಲ್ಲ, ಅದರ ಹೆಸರು ಅಂಗಡಿಯ ಬೋರ್ಡುಗಳಿಗೂ ಗಾಡಿಗಳಿಗೂ ಆಗಲೇ ಬಂದಿತ್ತು. ಸರ್ಕಾರಿ ನೌಕರರಾದ ನಮ್ಮ ಮನೆಯವರು ಹಸಿ ಬಣ್ಣವನ್ನೊಮ್ಮೆ, ಬಳಿದವರನ್ನೊಮ್ಮೆ ನೋಡಿ, ‘ಅಕ್ಷರ ಛಲೋ ಅವ,’ ಎಂದಷ್ಟೇ ಹೇಳಿದರು.

ಮಂಜೀರಾ ದಾಟಿ, ಜೋಳದ ಹೊಲಗಳ ನಡುವೆ ಧೂಳು ಕುಡಿಯುತ್ತ ನಾರಾಯಣಖೇಡ ಮುಟ್ಟಿದಾಗ ಇನ್ನೂ ಸಂಜೆಯ ಬಿಸಿಲಿತ್ತು. ಕೇಂದ್ರದ ಮೇಲ್ವಿಚಾರಕರು ಬಂದಿದ್ದ ಕಟ್ಟುಗಳನ್ನು ತೋರಿಸಿದರು. ತೆಲುಗು, ಮರಾಠಿ. ಇನ್ನೊಂದು ಇರಲಿಲ್ಲ. ನನ್ನ ಅನುಮಾನ ನಿಜವಾದುದಕ್ಕೆ ಅಷ್ಟೊಂದು ಸಂತೋಷಪಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಲಕೋಟೆಯನ್ನು ಅವುಗಳ ಪಕ್ಕದಲ್ಲಿ ಇರಿಸಿ, ಸೀಲು ನೋಡಿಸಿ ಹೊರಬಂದು, ಶಾಲೆಯ ಕಟ್ಟೆಯ ಮೇಲೆ ಕುಳಿತೆ. ಯಾಕೆಂದು ಗೊತ್ತಿಲ್ಲದೆ ಕಣ್ಣು ತುಂಬಿ, ಅದರ ಹಿಂದೆಯೇ ನಗು ಬಂತು. ಪಕ್ಕದಲ್ಲಿ ನಮ್ಮ ಮನೆಯವರು ಚಹಾದ ಅಂಗಡಿ ತೆರೆದಿದೆಯೇ ಎಂದು ವಿಚಾರಿಸುತ್ತಿದ್ದರು.

ಮರುದಿನ ಮಧ್ಯಾಹ್ನ ಸುಜಾತಾ ಫೋನು ಮಾಡಿದಳು. ‘ಪೇಪರ್ ಕನ್ನಡದಾಗೇ ಇತ್ತರಿ ಅಕ್ಕಾ. ನೀವು ಹೇಳಿದ್ರಲ್ಲ, ಕಂಪ್ಯೂಟರ್ ಸುಳ್ ಹೇಳಲ್ಲ ಅಂತ. ನಾನೇ ಸುಮ್ನ ಅಂಜಿದ್ದೆ.’ ನಾನು ‘ಹ್ಞೂ’ ಎಂದೆ. ಕೆಲವು ಪ್ರಶಂಸೆಗಳನ್ನು ತಿದ್ದಲು ಹೋಗಬಾರದು.

ಕಚೇರಿ ತೆರೆದ ದಿನ ಮೊದಲು ಕ್ಯಾಲೆಂಡರನ್ನು ತೆಗೆದು ಬೇರೆ ಗೋಡೆಗೆ ಸಾಗಿಸಿದೆ. ಹಿಂದಿದ್ದ ನನ್ನ ನಕ್ಷೆ ಮುಚ್ಚಿಟ್ಟ ಸೀರೆಯಂತೆ ಹೊಸದಾಗಿಯೇ ಇತ್ತು. ಯಾರೂ ನೋಡದಿದ್ದರೆ ಯಾವುದೂ ಹಳೆಯದಾಗುವುದಿಲ್ಲ, ಬರೀ ಸುಳ್ಳಾಗುತ್ತದೆ. ಊರಿನಿಂದ ಭಾಷೆಗೆ ಹೋಗುತ್ತಿದ್ದ ಬಾಣವನ್ನು ಹೊಡೆದುಹಾಕಿ, ಅಭ್ಯರ್ಥಿಯಿಂದಲೇ ಭಾಷೆಗೆ ಹೊಸ ಬಾಣ ಎಳೆದೆ. ಒಳಗಿನ ತಂತ್ರಾಂಶವನ್ನೂ ಹಾಗೆಯೇ ಬಿಚ್ಚಿ ಕಟ್ಟಿದೆ. ಆಮೇಲೆ ಶರಣಪ್ಪ ಸರ್ ಜೊತೆ ಒಂದು ಒಪ್ಪಂದವಾಯಿತು: ಸಣ್ಣ ಬದಲಾವಣೆಯನ್ನು ಫೋನಿನಲ್ಲಿ ಹೇಳುವಂತಿಲ್ಲ, ಮೆಟ್ಟಿಲು ಹತ್ತಿ ಬಂದು ನಕ್ಷೆಯ ಮುಂದೆ ನಿಂತು, ಅದು ಯಾವ ಬಾಣಕ್ಕೆ ತಗಲುತ್ತದೆಂದು ಬೆರಳಿಟ್ಟು ತೋರಿಸಬೇಕು. ಅವರ ಮೊಣಕಾಲು ನೋಯುತ್ತಿದ್ದುದರಿಂದ ಅರ್ಧಕ್ಕರ್ಧ ಬದಲಾವಣೆಗಳು ಮೆಟ್ಟಿಲ ಬುಡದಲ್ಲೇ ಅನಗತ್ಯವೆನಿಸಿದವು. ಉಳಿದವು ಮೇಲೆ ಬಂದು, ಗೋಡೆಯ ಮುಂದೆ ಚಹಾ ಕುಡಿಯುತ್ತ ನಮ್ಮಿಬ್ಬರಿಗೂ ಅರ್ಥವಾಗಿ, ನಕ್ಷೆಯ ಮೇಲೆ ಒಂದು ಗೀರಾಗಿ, ಆ ಬಳಿಕವೇ ಕಂಪ್ಯೂಟರಿಗೆ ಇಳಿದವು. ಜನರ ಬೇಡಿಕೆಗೆ ಕಾಲಿದೆ. ಅದು ತವರಿಗೆ ಹೋಗುತ್ತದೆ, ಅತ್ತೆಮನೆಗೆ ಬರುತ್ತದೆ. ನಾವು ಕಟ್ಟಿದ್ದು ಗೋಡೆಯೊಳಗೆ ಕೂತಿರುತ್ತದೆ. ಇವೆರಡನ್ನೂ ಆಗಾಗ ಎದುರುಬದುರು ಕೂರಿಸಿ ಮಾತಾಡಿಸುವುದಷ್ಟೇ ನನ್ನ ವೃತ್ತಿಯೆಂದು ತಿಳಿದ ಮೇಲೆ ನನ್ನ ನಿದ್ದೆ ಸುಧಾರಿಸಿತು.

ಮನೆಯಲ್ಲಿಯೂ ಸುಧಾರಣೆಯಾಯಿತು. ಒಂದು ಭಾನುವಾರ ಎಲೆಕ್ಟ್ರಿಷಿಯನ್ ಬಂದು ಗೋಡೆ ಒಡೆದು, ಬಚ್ಚಲಿನ ಸ್ವಿಚ್ಚನ್ನು ಬಚ್ಚಲಿನ ಬಾಗಿಲಿಗೂ ವರಾಂಡಾದ ದೀಪವನ್ನು ವರಾಂಡಾದ ಸ್ವಿಚ್ಚಿಗೂ ಸೇರಿಸಿದ. ನಮ್ಮ ಮನೆಯವರು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮೇಲಧಿಕಾರಿಯಂತೆ ಉಸ್ತುವಾರಿ ನಡೆಸಿದರು. ಈಗ ಯಾವ ಅತಿಥಿ ಬೇಕಾದರೂ ಲೇಬಲ್ಲು ಓದಿ ಸ್ವಿಚ್ಚು ಒತ್ತಬಹುದು.

ಹಾಗೆಂದುಕೊಂಡಿದ್ದಾಗ ಸುಜಾತಾ ಬಂದಳು. ಪಾಸಾಗಿದ್ದಳು, ಬಾಲವಾಡಿಗೆ ಸೇರಿ ತಿಂಗಳಾಗಿತ್ತು. ಕೂಸು ಆಗಲೇ ನಿಲ್ಲಲು ಕಲಿತಿತ್ತು. ವರಾಂಡಾದಲ್ಲಿ ಕುಳಿತು, ತನ್ನ ಬಾಲವಾಡಿಯ ಮಕ್ಕಳಲ್ಲಿ ಯಾರು ಅಳುತ್ತಾರೆ, ಯಾರು ಕಚ್ಚುತ್ತಾರೆ ಎಂದು ಅವಳು ಹೇಳುತ್ತ ಹೋದಂತೆ ಹೊತ್ತು ಮುಳುಗಿ ಮಬ್ಬಾಯಿತು. ‘ಲೈಟ್ ಹಾಕ್ಲೇನ್ರಿ ಅಕ್ಕಾ?’ ಎಂದು ಎದ್ದು, ಲೇಬಲ್ಲನ್ನು ಟೀಚರಿನಂತೆ ಗಟ್ಟಿಯಾಗಿ ಓದಿ, ‘ವ-ರಾಂ-ಡಾ’ ಎಂದು ಬೆರಳಿಟ್ಟಳು. ಸಂಜೆಯ ಸ್ನಾನಕ್ಕೆ ಹೋಗಿದ್ದ ನಮ್ಮತ್ತೆಯ ಕಿವಿಗೆ ಅದು ಹೇಗೆ ಬಿತ್ತೋ, ಬಚ್ಚಲಿನಿಂದ ಕೂಗು ಬಂತು:

‘ಯಾರೂ ವರಾಂಡಾದ ಸ್ವಿಚ್ ಮುಟ್ಟಬ್ಯಾಡ್ರಿ! ಸಾಬೂನ್ ಹಚ್ಚೀನಿ!’

ಸುಜಾತಾ ಬೆಂಕಿ ತಗುಲಿದವಳಂತೆ ಕೈ ಹಿಂತೆಗೆದಳು. ಗೋಡೆ ಒಡೆದದ್ದು, ತಂತಿ ಬದಲಿಸಿದ್ದು ಎಲ್ಲವನ್ನೂ ನಾನು ಹೇಳಬಹುದಿತ್ತು. ಹೇಳಲಿಲ್ಲ. ಗೋಡೆಯ ತಂತಿಯನ್ನು ಒಂದು ಭಾನುವಾರದಲ್ಲಿ ಬದಲಿಸಬಹುದು; ನಲವತ್ತು ವರ್ಷ ಕತ್ತಲಿಗೆ ಹೆದರಿ ಸ್ನಾನ ಮಾಡಿದವರ ಒಳಗಿನದಕ್ಕೆ ಸ್ವಲ್ಪ ಸಮಯ ಬೇಕು. ನಾವಿಬ್ಬರೂ ಮಬ್ಬಿನಲ್ಲಿಯೇ ಕುಳಿತೆವು, ಕೂಸು ನನ್ನ ತೊಡೆಯ ಮೇಲೆ ನಿಂತು ಲೇಬಲ್ಲಿಗೆ ಕೈ ಚಾಚುತ್ತಿತ್ತು. ಒಳಗೆ ತಂಬಿಗೆಯ ಸದ್ದು ನಿಂತು, ಚಿಲಕ ತೆಗೆದ ಸದ್ದಾಗಿ, ‘ಆತು, ಈಗ ಹಾಕ್ಕೋರಿ,’ ಎಂದು ಅಪ್ಪಣೆ ಬಂದ ಮೇಲೆ ಟೀಚರ್ ಸುಜಾತಾ ಎದ್ದು ಸ್ವಿಚ್ಚು ಒತ್ತಿದಳು. ವರಾಂಡಾದಲ್ಲಿಯೇ ಬೆಳಕಾಯಿತು.